ಎರಡು ಸಿಲಿಂಡರ್ ಗಾಡಿಯಲ್ಲಿ ಒಂದು ಸಿಲಿಂಡರ್ ಸತ್ತರೆ: ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಬೆಳಗಾವಿಯಲ್ಲಿ ಆರ್‌ಡಿ 350 ಗಾಡಿಯನ್ನು ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವವರು ಈಗಲೂ ಇದ್ದಾರೆ. ಎಸ್ಕಾರ್ಟ್ಸ್ ಕಂಪನಿ 1983ರಿಂದ ರಾಜದೂತ್ ಹೆಸರಿನಲ್ಲಿ ತಯಾರಿಸಿದ 347 ಸಿಸಿ ಟೂ ಸ್ಟ್ರೋಕ್ ಗಾಡಿ ಅದು. 2018ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಇಂಟರ್‌ಸೆಪ್ಟರ್ 650 ಬಂದ ಮೇಲೆ ಚೋರ್ಲಾ ಘಾಟ್ ರಸ್ತೆಯಲ್ಲಿ ಎರಡು ಸಿಲಿಂಡರ್ ಗಾಡಿಗಳ ಸದ್ದು ಮತ್ತೆ ಕೇಳಿಸುತ್ತಿದೆ. ಹಳೆಯದಿರಲಿ ಹೊಸದಿರಲಿ, ಇವಕ್ಕೆಲ್ಲ ಒಂದು ದಿನ ಬರುವ ದೂರು ಒಂದೇ: "ಗಾಡಿ ಒಂದ ಸಿಲಿಂಡರ್ ಮ್ಯಾಲ ಓಡಾಕತ್ತೈತ್ರಿ."

ಆಗ ಬಹಳ ಜನ ನೇರವಾಗಿ ಕಾರ್ಬೊರೇಟರ್ ಬಿಚ್ಚುತ್ತಾರೆ. ಇಲ್ಲವೇ ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ ಅಂತ ಯಾರೋ ಹೇಳಿದ್ದಕ್ಕೆ ಎಂಜಿನ್ ಇಳಿಸುತ್ತಾರೆ. ಎರಡಕ್ಕೂ ಅವಸರ ಬೇಡ. ಎರಡು ಸಿಲಿಂಡರ್ ಗಾಡಿಯಲ್ಲಿ ನಿಮಗೆ ಒಂದು ದೊಡ್ಡ ಅನುಕೂಲ ಇದೆ. ಪಕ್ಕದಲ್ಲೇ ಸರಿಯಾಗಿ ಓಡುತ್ತಿರುವ ಇನ್ನೊಂದು ಸಿಲಿಂಡರ್ ಇದೆ. ಕಿಡಿ ಹೇಗಿರಬೇಕು, ಪೆಟ್ರೋಲ್ ಎಷ್ಟು ಬರಬೇಕು, ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ) ಎಷ್ಟಿರಬೇಕು ಅಂತ ಅದೇ ತೋರಿಸಿಕೊಡುತ್ತದೆ. ಒಳ್ಳೆಯ ಕಡೆಯ ಸಾಮಾನನ್ನು ಸತ್ತ ಕಡೆಗೆ ಹಾಕಿ ನೋಡಬಹುದು. ಆದರೆ ಒಂದು ಸಲಕ್ಕೆ ಒಂದೇ ಸಾಮಾನು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ನಿಮ್ಮದು ಒಂದೇ ಸಿಲಿಂಡರ್ ಗಾಡಿಯಾದರೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ: ಮೊದಲು ಕಿಡಿ, ಆಮೇಲೆ ಪೆಟ್ರೋಲ್, ಕೊನೆಗೆ ಕಂಪ್ರೆಷನ್. ಹೋಲಿಸಿ ನೋಡಲು ಜೊತೆ ಇರುವುದಿಲ್ಲ, ಅಷ್ಟೇ. ಅಂದಹಾಗೆ, ಎರಡು ಸೈಲೆನ್ಸರ್ ಇದ್ದ ಮಾತ್ರಕ್ಕೆ ಎರಡು ಸಿಲಿಂಡರ್ ಅಂದುಕೊಳ್ಳಬೇಡಿ. ಯೆಜ್ಡಿ ರೋಡ್‌ಕಿಂಗ್‌ಗೆ ಸೈಲೆನ್ಸರ್ ಎರಡು, ಸಿಲಿಂಡರ್ ಒಂದೇ.

ಕೈ ಹಚ್ಚುವ ಮುಂಚೆ

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಸಾದಾ ಮಲ್ಟಿಮೀಟರ್, ಎರಡು ತಂತಿ ಹಚ್ಚಿದ 12 ವೋಲ್ಟ್ ಬಲ್ಬ್, ಒಣ ಬಟ್ಟೆ, ಒಂದು ಸಣ್ಣ ಗಾಜಿನ ಬಾಟಲಿ. ಸರಿಯಾಗಿದೆ ಅಂತ ಗೊತ್ತಿರುವ ಒಂದು ಹೊಸ ಪ್ಲಗ್ ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಹೊಗೆಯಿಂದ ಜೀವಕ್ಕೇ ಅಪಾಯ. ಪ್ಲಗ್ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಒದ್ದೆ ನೆಲದ ಮೇಲೆ ನಿಂತು ಅದನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಕಿಡಿ ನೋಡುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಪೂರ್ತಿ ಆರಿದ ಮೇಲಷ್ಟೇ ಕಿಡಿ ಪರೀಕ್ಷೆ ಮಾಡಿ.

ಯಾವ ಕಡೆ ಸತ್ತಿದೆ?

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷ ಓಡಿಸಿ. ಸಿಲಿಂಡರಿನಿಂದ ಹೊರಡುವ ಎರಡೂ ಸೈಲೆನ್ಸರ್ ಪೈಪಿನ ಬುಡಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ. ಓಡುತ್ತಿರುವ ಕಡೆ ನೀರು ಚುಂಯ್ ಅಂತ ಆರಿಹೋಗುತ್ತದೆ. ಸತ್ತ ಕಡೆ ಸುಮ್ನೆ ಹರಿದು ಬೀಳುತ್ತದೆ. ಕೈಯಿಂದ ಮುಟ್ಟಿ ನೋಡುವ ಧೈರ್ಯ ಬೇಡ. ಆ ಪೈಪ್ ಒಂದೇ ನಿಮಿಷದಲ್ಲಿ ಚರ್ಮ ಸುಡುವಷ್ಟು ಕಾಯುತ್ತದೆ.

ಯಾವಾಗ ಸಾಯುತ್ತದೆ?

ಪಾನಾ ಹಿಡಿಯುವ ಮುಂಚೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಉತ್ತರ ಸಿಕ್ಕರೆ ಹುಡುಕುವ ಜಾಗ ಎಷ್ಟೋ ಕಡಿಮೆಯಾಗುತ್ತದೆ.

ಮಳೆಯಲ್ಲಿ ಅಥವಾ ಗಾಡಿ ತೊಳೆದ ಮೇಲೆ ಸತ್ತು, ಒಣಗಿದ ಮೇಲೆ ಸರಿಹೋದರೆ ಪ್ಲಗ್ ಕ್ಯಾಪ್ ಅಥವಾ ಪ್ಲಗ್ ವೈರ್ ಮೇಲೆ ಅನುಮಾನ ಪಡಿ. ಜುಲೈ ತಿಂಗಳಲ್ಲಿ ಜಾಂಬೋಟಿ ದಾಟಿ ಘಾಟ್ ಕಡೆ ಹೋಗುವವರಿಗೆ ಈ ತೊಂದರೆ ಗೊತ್ತೇ ಇರುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ಸತ್ತು, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆಯೇ? ಹಾಗಾದರೆ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸಾಮಾನು) ಅಥವಾ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಾಮಾನು) ನೋಡಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಕೈಕೊಡುವ ಕಾಯಿಲ್ ಬೆಳಗಾವಿಯ ಚಳಿಯಲ್ಲಿ ತಿಂಗಳುಗಟ್ಟಲೆ ಸುಮ್ಮನಿರಬಹುದು.

ಐಡಲ್‌ನಲ್ಲಿ ಮಾತ್ರ ಸತ್ತಿದ್ದು, ಆಕ್ಸಲರೇಟರ್ ತಿರುವಿದರೆ ಜೀವ ಬಂದರೆ ಕಿಡಿ ಬರುತ್ತಿದೆ ಅಂತ ಅರ್ಥ. ಆಗ ಕಾರ್ಬೊರೇಟರಿನ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಕಟ್ಟಿಕೊಂಡಿರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು. ಇದಕ್ಕೆ ಉಲ್ಟಾ, ಐಡಲ್ ಚೆನ್ನಾಗಿದ್ದು ವೇಗ ಹೆಚ್ಚಿದಾಗ ಒಂದು ಕಡೆ ಬಿಟ್ಟುಹೋದರೆ ಮೇನ್ ಜೆಟ್ (ವೇಗದಲ್ಲಿ ಪೆಟ್ರೋಲ್ ಬಿಡುವ ತೂತು) ಅಥವಾ ಪೆಟ್ರೋಲ್ ಪೈಪಿನಲ್ಲಿ ಕಸ, ಇಲ್ಲವೇ ದುರ್ಬಲ ಕಿಡಿ ಇರುತ್ತದೆ. ಯಾವಾಗಲೂ ಸತ್ತೇ ಇದ್ದರೆ ಮೊದಲ ಹಂತದಿಂದ ಶುರು ಮಾಡಿ.

ಹಂತ 1: ಪ್ಲಗ್ ಬಿಚ್ಚಿ ಓದಿ

ಎರಡೂ ಪ್ಲಗ್ ಬಿಚ್ಚಿ, ಎಡ ಬಲ ಗುರುತು ಮಾಡಿ, ಪಕ್ಕಪಕ್ಕ ಇಡಿ. ಚೆನ್ನಾಗಿ ಓಡುವ ಕಡೆಯ ತುದಿ ತಿಳಿ ಕಂದು ಬಣ್ಣ ಇರುತ್ತದೆ. ಸತ್ತ ಕಡೆಯದು ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಕಿಡಿಯ ಕಡೆ ಹೋಗಿ. ಪೂರ್ತಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಆದರೂ ಕಿಡಿ ಒಂದು ಸಲ ನೋಡಿಬಿಡಿ, ಅದು ಎರಡು ನಿಮಿಷದ ಕೆಲಸ. ಕಪ್ಪಾಗಿ ಎಣ್ಣೆ ಮೆತ್ತಿದ್ದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಆ ಕಡೆ ಎಣ್ಣೆ ಜಾಸ್ತಿ ಬರುತ್ತಿದೆ. ಫೋರ್ ಸ್ಟ್ರೋಕಿನಲ್ಲಾದರೆ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಎಣ್ಣೆ ಒಳಗೆ ಬರುತ್ತಿದೆ.

ಟೂ ಸ್ಟ್ರೋಕ್ ಪ್ಲಗ್‌ನಲ್ಲಿ ಇನ್ನೊಂದು ತೊಂದರೆ ಇದೆ. ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಕಾರ್ಬನ್ ಸೇತುವೆ ಕಟ್ಟಿಕೊಳ್ಳುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುತ್ತದೆ. ಅಷ್ಟಕ್ಕೇ ಇಡೀ ಸಿಲಿಂಡರ್ ಸುಮ್ಮನಾಗುತ್ತದೆ. ಅದನ್ನು ತೆಗೆದು, ಗ್ಯಾಪ್ ನೋಡಿ. ಆರ್‌ಡಿಯಂಥ ಗಾಡಿಗೆ 0.6ರಿಂದ 0.7 ಮಿ.ಮೀ. ಸಾಕು.

ಈಗ ಮೊದಲ ಅದಲು ಬದಲು. ಎಡ ಪ್ಲಗ್ ಬಲಕ್ಕೆ, ಬಲ ಪ್ಲಗ್ ಎಡಕ್ಕೆ ಹಾಕಿ ಸ್ಟಾರ್ಟ್ ಮಾಡಿ. ತೊಂದರೆಯೂ ಪ್ಲಗ್ ಜೊತೆ ಆ ಕಡೆಗೆ ಹೋಯಿತೇ? ಹಾಗಿದ್ದರೆ ಕೆಲಸ ಮುಗಿಯಿತು, ಕಂಪನಿ ಹೇಳಿದ ನಂಬರಿನ ಹೊಸ ಪ್ಲಗ್ ಹಾಕಿ. ನೋಡಲು ಚೆನ್ನಾಗಿರುವ ಪ್ಲಗ್ ಕೂಡ ಒಳಗೆ ಪಿಂಗಾಣಿ ಸೀಳಿ ಸತ್ತಿರಬಹುದು. ಅದಕ್ಕೇ ಕಣ್ಣಿಗಿಂತ ಈ ಅದಲು ಬದಲನ್ನು ನಂಬಬೇಕು.

ಹಂತ 2: ಕಿಡಿಯನ್ನು ಹಿಂಬಾಲಿಸಿ

ಈ ಹಂತಕ್ಕೆ ಸಮಯ ಕೊಡಿ. ಹಳೆಯ ಗಾಡಿಗಳಲ್ಲಿ ಒಂದೇ ಕಡೆ ಸಾಯುವುದಕ್ಕೆ ಕಾರಣ ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಸತ್ತ ಕಡೆಯ ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ. ಪ್ಲಗ್ಗಿನ ಲೋಹದ ಮೈ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗಿರಲಿ. ಪ್ಲಗ್ ತೂತಿನಿಂದ ದೂರ ಇಡಿ, ತೂತನ್ನು ಬಟ್ಟೆಯಿಂದ ಮುಚ್ಚಿ. ಒಳಗಿಂದ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಬಾರದು. ಇನ್ನೊಂದು ಪ್ಲಗ್ಗನ್ನೂ ಹೀಗೇ ಎಂಜಿನ್ನಿಗೆ ತಾಗಿಸಿಡಿ. ವೈರ್ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆದರೆ ಕಾಯಿಲ್ ಹಾಳಾಗಬಹುದು. ಚಾವಿ ಆನ್ ಮಾಡಿ ಕಿಕ್ ಹೊಡೆಯಿರಿ. ನೀಲಿ ಬಣ್ಣದ ದಪ್ಪ ಕಿಡಿ, ಚಟ್ ಅನ್ನುವ ಸದ್ದು ಬಂದರೆ ಒಳ್ಳೆಯದು. ಹಳದಿ, ತೆಳ್ಳಗಿನ ಕಿಡಿ ಹೊರಗಡೆ ಕಂಡರೂ ಸಿಲಿಂಡರ್ ಒಳಗೆ ಒತ್ತಡದಲ್ಲಿ ಉಳಿಯುವುದಿಲ್ಲ. ಎರಡೂ ಕಡೆಯ ಕಿಡಿ ಹೋಲಿಸಿ.

ಕಿಡಿ ಇಲ್ಲದಿದ್ದರೆ ಪ್ಲಗ್‌ನಿಂದ ಹಿಂದಕ್ಕೆ ಹೋಗಿ. ಮೊದಲು ಕ್ಯಾಪ್. ಬಹಳಷ್ಟು ಗಾಡಿಗಳಲ್ಲಿ ಅದು ವೈರಿಗೆ ಸ್ಕ್ರೂ ತರಹ ತಿರುಗಿ ಕೂತಿರುತ್ತದೆ. ತಿರುಗಿಸಿ ಬಿಚ್ಚಿ, ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ವೈರಿನ ತುದಿ ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ರೆಸಿಸ್ಟರ್ ಇರುವ ಕ್ಯಾಪ್ ಸಾಮಾನ್ಯವಾಗಿ 5 ಕಿಲೋ ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಕ್ಯಾಪ್ ಸತ್ತಿದೆ. ಎರಡು ಕ್ಯಾಪ್ ಅದಲು ಬದಲು ಮಾಡಿ ನೋಡಿ. ಮಳೆಗಾಲದ ತೊಂದರೆಯಾದರೆ ಕತ್ತಲಲ್ಲಿ ಎಂಜಿನ್ ಓಡಿಸಿ, ವೈರ್ ಮೇಲೆ ನೀರು ಚಿಮುಕಿಸಿ. ಎಲ್ಲಿ ಸೋರುತ್ತಿದೆಯೋ ಅಲ್ಲಿ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಮುಂದೆ ಕಾಯಿಲ್. ಆರ್‌ಡಿಯಲ್ಲಿ ಎರಡು ಕಾಯಿಲ್, ಎರಡು ಜೊತೆ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಸರಿಯಾದ ಕ್ಷಣಕ್ಕೆ ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ಎರಡು ಕಂಡೆನ್ಸರ್. ಪ್ರತಿ ಸಿಲಿಂಡರಿಗೆ ತನ್ನದೇ ಮನೆ ಇದ್ದ ಹಾಗೆ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕಾಯಿಲ್ ಪರೀಕ್ಷೆ ಅಂತ ಎರಡು ಪ್ಲಗ್ ವೈರುಗಳನ್ನಷ್ಟೇ ಅದಲು ಬದಲು ಮಾಡುತ್ತಾರೆ. ಆರ್‌ಡಿಯಲ್ಲಿ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ. ಪ್ಲಗ್ ವೈರ್ ಮಾತ್ರ ಬದಲಿಸಿದರೆ ಪಿಸ್ಟನ್ ಕೆಳಗಿದ್ದಾಗ ಕಿಡಿ ಬೀಳುತ್ತದೆ. ಗಾಡಿ ಓಡುವುದಿಲ್ಲ, ಕಾರ್ಬೊರೇಟರ್ ಕಡೆಗೆ ಪಟಾಕಿ ಹೊಡೆಯಲೂಬಹುದು. ಸರಿಯಾದ ರೀತಿ ಹೀಗೆ: ಪಾಯಿಂಟಿನಿಂದ ಕಾಯಿಲ್‌ಗೆ ಬರುವ ಸಣ್ಣ ತಂತಿಗಳನ್ನು ಅದಲು ಬದಲು ಮಾಡಿ, ಜೊತೆಗೆ ಪ್ಲಗ್ ವೈರುಗಳನ್ನೂ ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದೇ ಅನ್ನುವ ನಿಯಮ ಇಲ್ಲಿ ಮುರಿಯಲಿಲ್ಲ, ಯಾಕೆಂದರೆ ಬದಲಾಗಿದ್ದು ಕಾಯಿಲ್ ಒಂದೇ. ಈಗ ಎಡ ಪಾಯಿಂಟ್ ಬಲ ಕಾಯಿಲನ್ನು ಓಡಿಸುತ್ತದೆ, ಆ ಕಿಡಿ ಎಡ ಸಿಲಿಂಡರಿಗೇ ಹೋಗುತ್ತದೆ. ತೊಂದರೆ ಇನ್ನೊಂದು ಕಡೆಗೆ ಹಾರಿದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪಾಯಿಂಟ್ ಕಡೆ ಹೋಗಿ.

ಪಾಯಿಂಟ್ ಪರೀಕ್ಷೆಗೆ ಆ 12 ವೋಲ್ಟ್ ಬಲ್ಬ್ ತೆಗೆದುಕೊಳ್ಳಿ. ಒಂದು ತಂತಿ ಪಾಯಿಂಟಿನ ವೈರಿಗೆ, ಇನ್ನೊಂದು ಎಂಜಿನ್ನಿಗೆ. ಚಾವಿ ಆನ್ ಮಾಡಿ ಎಂಜಿನ್ ನಿಧಾನ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬ್ ಉರಿಯಬೇಕು, ಮುಚ್ಚಿದಾಗ ಆರಬೇಕು. ಉರಿಯುವುದೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ವೈರ್ ಎಲ್ಲೋ ಮೈಗೆ ತಾಗಿದೆ, ಅಥವಾ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ. ಆರುವುದೇ ಇಲ್ಲ ಅಂದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಅದರ ಮೇಲೆ ಎಣ್ಣೆ, ಕೊಳೆ ಕೂತಿದೆ. ಇಷ್ಟು ಅಗ್ಗದ ಬಲ್ಬ್ ಇಷ್ಟೊಂದು ಹೇಳುತ್ತದೆ. ಪರೀಕ್ಷೆ ಮುಗಿದ ತಕ್ಷಣ ಚಾವಿ ಆಫ್ ಮಾಡಿ. ಎಂಜಿನ್ ನಿಂತಿದ್ದು ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ನೆ ಕಾಯುತ್ತಾ ಹೋಗುತ್ತದೆ.

ಪಾಯಿಂಟ್ ಗ್ಯಾಪ್ ಪೂರ್ತಿ ತೆರೆದಾಗ 0.3ರಿಂದ 0.4 ಮಿ.ಮೀ. ಇರಬೇಕು. ಕ್ಯಾಮ್ ಮೇಲೆ ಉಜ್ಜುವ ಹಿಮ್ಮಡಿ ಸವೆದಂತೆ ಈ ಗ್ಯಾಪ್ ಕಡಿಮೆಯಾಗುತ್ತದೆ. ಒಂದು ಜೊತೆ ಇನ್ನೊಂದಕ್ಕಿಂತ ಬೇಗ ಸವೆಯುವುದುಂಟು. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ (ಕಿಡಿ ಬೀಳುವ ಕ್ಷಣ). ಗ್ಯಾಪ್ ಮುಟ್ಟಿದರೆ ಟೈಮಿಂಗ್ ಬದಲಾಗುತ್ತದೆ, ಹಾಗಾಗಿ ಈ ಕ್ರಮ ತಪ್ಪಬಾರದು. ಪಾಯಿಂಟ್ ಮುಖ ಕಪ್ಪಾಗಿ ಗುಳಿ ಬಿದ್ದಿದ್ದು, ಓಡುವಾಗ ಅಲ್ಲಿ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಮಾತ್ರ ಹೊಸದು ಹಾಕಿದರೆ ಅದೂ ಬೇಗನೆ ಸುಡುತ್ತದೆ.

ಇನ್ನೊಂದು ಮಾತು. ಬ್ಯಾಟರಿ ದುರ್ಬಲವಾಗಿದ್ದರೆ ಇಂಥ ಗಾಡಿಯಲ್ಲಿ ಎರಡೂ ಕಿಡಿ ಸೋಲುತ್ತವೆ, ಆದರೆ ಸ್ವಲ್ಪ ಸವೆದ ಕಡೆ ಮೊದಲು ಸಾಯುತ್ತದೆ. ಬ್ಯಾಟರಿ ಚಾರ್ಜ್ ಮಾಡದೆ ಕಾಯಿಲ್‌ಗೆ ದುಡ್ಡು ಕೊಡಬೇಡಿ.

ಹಂತ 3: ಪೆಟ್ರೋಲ್ ಬರುತ್ತಿದೆಯಾ?

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಒಂದು ಸುಲಭ ಪರೀಕ್ಷೆ ಮಾಡಿ. ಪ್ಲಗ್ ತೂತಿನೊಳಗೆ ಕಾಲು ಚಮಚ ಪೆಟ್ರೋಲ್ ಬಿಡಿ. ಟೂ ಸ್ಟ್ರೋಕ್ ಆದರೆ ಅದಕ್ಕೆ ಒಂದು ಹನಿ ಟೂ ಸ್ಟ್ರೋಕ್ ಎಣ್ಣೆ ಸೇರಿಸಿ. ಬಾಟಲಿ ದೂರ ಇಟ್ಟು, ಪ್ಲಗ್ ಮತ್ತು ಕ್ಯಾಪ್ ಸರಿಯಾಗಿ ಹಾಕಿ ಕಿಕ್ ಹೊಡೆಯಿರಿ. ಆ ಸಿಲಿಂಡರ್ ನಾಲ್ಕಾರು ಸಲ ಹೊಡೆದು ನಿಂತರೆ ಕಿಡಿ, ಕಂಪ್ರೆಷನ್ ಎರಡೂ ಇವೆ, ಕೊರತೆ ಪೆಟ್ರೋಲಿನದು ಅಂತ ಗೊತ್ತಾಯಿತು.

ಕಾರ್ಬೊರೇಟರ್ ಇಳಿಸುವ ಮುಂಚೆ ಅದರ ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ, ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಎಡದ್ದು, ಬಲದ್ದು ಎರಡೂ ಹಿಡಿದು ಹೋಲಿಸಿ. ಸ್ವಲ್ಪ ಬಂದು ನಿಂತರೆ ಟಾಕಿಯ ಕಾಕ್, ಪೈಪ್ ಅಥವಾ ಫ್ಲೋಟ್ ಸೂಜಿಯಲ್ಲಿ (ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ತಡೆ ಇದೆ. ಧಾರಾಳವಾಗಿ ಬಂದರೆ ಜೆಟ್ ಕಟ್ಟಿಕೊಂಡಿದೆ.

ಬಾಟಲಿಯ ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಇದಕ್ಕೂ ನಮ್ಮ ಊರುಗಳಿಗೂ ನಂಟಿದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿನಿಂದ ಸಕ್ಕರೆ ಕಾರ್ಖಾನೆಗಳು ಎಥೆನಾಲ್ ಮಾಡುತ್ತವೆ. ಎಥೆನಾಲ್ ಪೆಟ್ರೋಲಿಗೆ ಸೇರುತ್ತದೆ. 2023ರಿಂದ 20 ಶೇಕಡಾ ಎಥೆನಾಲ್ ಇರುವ ಇ20 ಪೆಟ್ರೋಲ್ ಬಂಕ್‌ಗಳಿಗೆ ಬಂದಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಹಳೆಯ ಗಾಡಿಯಲ್ಲಿ ಇದು ಆಗುವುದು ಸಹಜ. ಹಳೆಯ ರಬ್ಬರ್ ಪೈಪ್, ಕಾಕ್‌ನ ವಾಷರ್ ಕೂಡ ಎಥೆನಾಲ್‌ಗೆ ಉಬ್ಬಿ ದಾರಿ ಕಟ್ಟಬಹುದು. ಟಾಕಿ ಖಾಲಿ ಮಾಡಿ ತೊಳೆಯಿರಿ, ಪೈಪ್ ಹೊಸದು ಹಾಕಿ.

ಜೆಟ್ ಬಿಚ್ಚಿದರೆ ಬೆಳಕಿಗೆ ಹಿಡಿದು ನೋಡಿ. ದುಂಡನೆಯ ಬೆಳಕು ಕಾಣಬೇಕು. ಕಾರ್ಬೊರೇಟರ್ ಕ್ಲೀನರ್ ಮತ್ತು ಹವಾ ಹೊಡೆದು ಸ್ವಚ್ಛ ಮಾಡಿ. ಗುಂಡುಸೂಜಿ, ಸ್ಟೀಲ್ ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ತೂತು ಅಗಲವಾದರೆ ಆ ಕಡೆಯ ಲೆಕ್ಕ ಶಾಶ್ವತವಾಗಿ ತಪ್ಪುತ್ತದೆ.

ಕಿಡಿ ಚೆನ್ನಾಗಿದ್ದೂ ಪ್ಲಗ್ ತೊಯ್ದು ತೊಪ್ಪೆಯಾಗಿದ್ದರೆ ತೊಂದರೆ ಉಲ್ಟಾ. ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ. ಕಾಕ್ ಬಂದ್ ಮಾಡಿ, ಚಾವಿ ಆಫ್ ಇಟ್ಟು, ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ತೆರೆದು ಹತ್ತು ಕಿಕ್ ಹೊಡೆದು ಒಳಗಿನ ಪೆಟ್ರೋಲ್ ಹೊರಹಾಕಿ. ಆಮೇಲೆ ಸೂಜಿ ನೋಡಿ.

ಹಂತ 4: ಕಳ್ಳ ಗಾಳಿ

ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರುಕು ಬಿಟ್ಟರೆ ಆ ಕಡೆಗೆ ಗಾಳಿ ಜಾಸ್ತಿ ಸೇರುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ರಬ್ಬರಿನ ಸುತ್ತ ನೀರು ಸ್ಪ್ರೇ ಮಾಡಿ. ಸದ್ದು ಬದಲಾದರೆ ಅಲ್ಲೇ ಸೀಳಿದೆ. ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಬೇಡ, ಬಿಸಿ ಎಂಜಿನ್ ಮೇಲೆ ಬೆಂಕಿ ಹೊತ್ತುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಇದನ್ನು ಕಡೆಗಣಿಸಿ ಓಡಿಸಿದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಮಿತಿಮೀರಿ ಕಾಯುತ್ತದೆ ಅಲ್ವಾ?

ಕ್ರ್ಯಾಂಕ್‌ನ ಎರಡು ತುದಿಯ ಆಯಿಲ್ ಸೀಲ್ ಕೂಡ ಇದೇ ಕೆಲಸ ಮಾಡುತ್ತವೆ. ಆರ್‌ಡಿಯಲ್ಲಿ ಕ್ಲಚ್ ಇರುವ ಬಲಗಡೆಯ ಸೀಲ್ ಹೋದರೆ ಗೇರ್ ಎಣ್ಣೆ ಸಿಲಿಂಡರಿಗೆ ಬರುತ್ತದೆ. ಬಲ ಸೈಲೆನ್ಸರ್ ದಟ್ಟವಾಗಿ ಹೊಗೆಯಾಡುತ್ತದೆ, ಗೇರ್ ಎಣ್ಣೆ ಇಳಿಯುತ್ತಾ ಹೋಗುತ್ತದೆ. ಎಡಗಡೆ ಸೀಲ್ ಹೋದರೆ ಹೊಗೆ ಇಲ್ಲ, ಬರೀ ಗಾಳಿ. ಅದು ಹೆಚ್ಚು ಅಪಾಯ.

ಹಂತ 5: ಕಂಪ್ರೆಷನ್

ಎರಡೂ ಪ್ಲಗ್ ಬಿಚ್ಚಿ, ಚಾವಿ ಆಫ್ ಇಟ್ಟು, ಕಂಪ್ರೆಷನ್ ಗೇಜ್ ಹಚ್ಚಿ, ಆಕ್ಸಲರೇಟರ್ ಪೂರ್ತಿ ತೆರೆದು ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಿರಿ. ಎರಡು ಕಡೆಯ ಅಂಕಿಗಳು ಹತ್ತಿರ ಹತ್ತಿರ ಇರಬೇಕು. ದೊಡ್ಡ ಅಂತರ ಇದ್ದರೆ ಕಡಿಮೆ ಇರುವ ಕಡೆ ಸಮಸ್ಯೆ. ಫೋರ್ ಸ್ಟ್ರೋಕಿನಲ್ಲಿ ಆ ಕಡೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್, ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್ ನೋಡಿ. ಹೆಡ್ ಬಿಚ್ಚುವ ಮುಂಚೆ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಸಾಮಾನಿಗೂ ನಡುವಿನ ಸಂದು) ಪರೀಕ್ಷಿಸಿ. ಅದು ಪೂರ್ತಿ ಬಿಗಿಯಾಗಿದ್ದರೆ ವಾಲ್ವ್ ಮುಚ್ಚುವುದಿಲ್ಲ.

ಟೂ ಸ್ಟ್ರೋಕ್ ಗಾಡಿಯವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಸೈಲೆನ್ಸರ್ ಬಿಚ್ಚಿ, ಪೋರ್ಟ್ ಒಳಗೆ ಟಾರ್ಚ್ ಹಿಡಿದು ನೋಡಿ. ಪಿಸ್ಟನ್ ಮೈ, ರಿಂಗ್ ಎರಡೂ ಕಾಣುತ್ತವೆ. ಉದ್ದುದ್ದ ಗೀರು ಬಿದ್ದಿದ್ದರೆ ಬೋರ್ ಮಾಡಿಸಲೇಬೇಕು. ನುಣುಪಾಗಿದ್ದರೆ ಯಾರು ಹೇಳಿದರೂ ಎಂಜಿನ್ ಬಿಚ್ಚಿಸಬೇಡಿ. ಬೋರ್ ಮಾಡಿಸುವುದಾದರೆ ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಅದರ ಅಳತೆಗೆ ಬೋರ್ ಆಗಲಿ. ಉದ್ಯಮಬಾಗದ ಸುತ್ತ ಮಷಿನ್ ಕೆಲಸದವರಿಗೆ ಕೊರತೆ ಇಲ್ಲ, ಅಳತೆ ಬರೆದುಕೊಟ್ಟೇ ಮಾಡಿಸಿ.

ಸೈಲೆನ್ಸರ್ ಬಿಚ್ಚಿದಾಗ ಅದನ್ನೂ ನೋಡಿಬಿಡಿ. ಒಳಗಿನ ಬ್ಯಾಫಲ್ ಕಾರ್ಬನ್‌ನಿಂದ ಮುಚ್ಚಿರಬಹುದು. ಬಹಳ ದಿನ ನಿಂತ ಗಾಡಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿರಬಹುದು.

ಇಂಜೆಕ್ಷನ್ ಗಾಡಿಯಾದರೆ

ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿಗಳಲ್ಲಿ ಓಡುವ ಎಂಜಿನ್ನಿನ ಪ್ಲಗ್ ಕ್ಯಾಪ್ ಕೀಳಬೇಡಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಳಾಗಬಹುದು. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಚ್ಚಿಸಿ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಅಂದರೆ ಎರಡನೇದು. ಉದ್ದ ಸ್ಕ್ರೂಡ್ರೈವರ್‌ನ ತುದಿ ಇಂಜೆಕ್ಟರ್ ಮೇಲೆ, ಹಿಡಿ ಕಿವಿಗೆ ಇಟ್ಟು ಕೇಳಿ. ಟಿಕ್ ಟಿಕ್ ಸದ್ದು ಎರಡೂ ಕಡೆ ಒಂದೇ ತರಹ ಬರಬೇಕು. ಒಂದು ಕಡೆ ಮೌನವಾಗಿದ್ದರೆ ಮೊದಲು ಅದರ ಕನೆಕ್ಟರ್ ತೆಗೆದು ಕಿಲುಬು ನೋಡಿ. ಒಂದು ಸಿಲಿಂಡರ್ ಸತ್ತ ಗಾಡಿಯನ್ನು ಹಾಗೇ ಊರಿಗೆ ಓಡಿಸಿಕೊಂಡು ಬರಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕರಗಿಹೋಗುತ್ತದೆ. ಆ ಖರ್ಚಿನ ಮುಂದೆ ಟೆಂಪೊ ಬಾಡಿಗೆ ಏನೂ ಅಲ್ಲ.

ಸರಿಹೋದ ಮೇಲೆ

ಪ್ಲಗ್ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಹೊಸ ಪ್ಲಗ್ ಆದರೆ ಆಮೇಲೆ ಪಾನಾದಿಂದ ಅರ್ಧ ಸುತ್ತು, ಹಳೆಯದಾದರೆ ಸ್ವಲ್ಪವೇ ಬಿಗಿ ಮಾಡಿ. ಆರ್‌ಡಿಯಲ್ಲಿ ಆಕ್ಸಲರೇಟರ್ ತಿರುವಿದಾಗ ಎರಡು ಕಾರ್ಬೊರೇಟರಿನ ಸ್ಲೈಡ್‌ಗಳೂ ಒಂದೇ ಕ್ಷಣಕ್ಕೆ ಏಳಬೇಕು, ಬೆರಳಿಟ್ಟು ನೋಡಿ ಕೇಬಲ್ ಹೊಂದಿಸಿ. ಎಣ್ಣೆ ಪಂಪಿನಿಂದ ಬರುವ ಎರಡೂ ಸಣ್ಣ ಪೈಪುಗಳಲ್ಲಿ ಗಾಳಿ ಗುಳ್ಳೆ ಇರಬಾರದು. ಗುಳ್ಳೆ ಇದ್ದರೆ ಪೂರ್ತಿ ಹೊರಹೋಗುವ ತನಕ ಗಾಡಿ ರಸ್ತೆಗೆ ಇಳಿಸಬೇಡಿ.

ಆಮೇಲೆ ಹಲಗಾ ಕಡೆ, ಸುವರ್ಣ ವಿಧಾನಸೌಧದ ತನಕ ಒಂದು ಸುತ್ತು ಹೋಗಿ ಬನ್ನಿ. ಬಂದ ಮೇಲೆ ಎಂಜಿನ್ ಆರಲು ಬಿಟ್ಟು ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಡಿ. ಬಣ್ಣ ಒಂದೇ ಇದ್ದರೆ ಪಾನಾ ಎತ್ತಿಡಬಹುದು. ಒಂದು ಇನ್ನೂ ಬೆಳ್ಳಗಿದ್ದರೆ ಆ ಕಡೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಸೋರುತ್ತಿದೆ, ಹಂತ 3 ಮತ್ತು 4 ಮತ್ತೆ ಮಾಡಿ. ಕಪ್ಪಗಿದ್ದರೆ ಆ ಕಡೆಯ ಫ್ಲೋಟ್ ಎತ್ತರ ಮತ್ತು ಚೋಕ್ ಪೂರ್ತಿ ಆಫ್ ಆಗುತ್ತಿದೆಯಾ ನೋಡಿ.